ಏಣಿನ ಮೇಲೆ ಮಾತು ನಿಲ್ಲಿಸಿದ ಮೇಷ್ಟ್ರು: ಮುಳ್ಳಯ್ಯನಗಿರಿಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಯಾರೂ ಸಾಯಲಿಲ್ಲ. ಪತ್ರಿಕೆಯಲ್ಲಿ ಸುದ್ದಿಯಾಗಲಿಲ್ಲ, ಪೊಲೀಸರು ಬರಲಿಲ್ಲ, ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗುವ ಪ್ರಸಂಗವೂ ಒದಗಲಿಲ್ಲ. ಐವರು ಗೆಳೆಯರು ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಯ ಕಡೆಗೆ ಬೆಟ್ಟದ ಏಣಿನ, ಅಂದರೆ ನೆತ್ತಿಗಳನ್ನು ಜೋಡಿಸುವ ಉದ್ದನೆಯ ಅಂಚಿನ, ಮೇಲೆ ಹೊರಟರು, ನಡುದಾರಿಯಲ್ಲಿ ಒಬ್ಬರಿಗೆ ಮೈ ತಣ್ಣಗಾಯಿತು, ಹೇಗೋ ಇಳಿಸಿಕೊಂಡು ಬಂದರು. ಎರಡು ವಾರ ಕಳೆಯುವಷ್ಟರಲ್ಲಿ ಅದು ಅವರ ಬಳಗದಲ್ಲಿ ತಮಾಷೆಯ ಕಥೆಯಾಗಿತ್ತು. "ಮೇಷ್ಟ್ರಿಗೆ ಚಿಕ್ಕಮಗಳೂರಿನಲ್ಲೇ ಹಿಮಾಲಯ ಕಂಡಿತು" ಎಂದು ಮದುವೆಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದರು. ಸಾವಾದ ಕಡೆ ಬದುಕುಳಿದವರ ಬಾಯಿ ಕಟ್ಟಿಹೋಗುತ್ತದೆ. ಯಾರನ್ನು ಏನು ಕೇಳುವುದಕ್ಕೂ ನಾಲಿಗೆ ಏಳುವುದಿಲ್ಲ. ಇಲ್ಲಿ ಐವರೂ ಧಾರಾಳವಾಗಿ ಮಾತನಾಡಿದರು. ಅದಕ್ಕೇ ಇದನ್ನು ಬರೆದಿಡಬೇಕೆನಿಸಿತು.

ನಾನು ಬೆಟ್ಟ ಹತ್ತುವ ಹುಡುಗರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುವವನು. ಆ ದಿನ ಅವರ ಜೊತೆಗೆ ಇರಲಿಲ್ಲ. ಐವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿದೆ, ಮೊಬೈಲ್‌ನಲ್ಲಿದ್ದ ಫೋಟೊಗಳ ಸಮಯ ನೋಡಿ ಗಂಟೆಗಳನ್ನು ಜೋಡಿಸಿದೆ. ಹೆಸರುಗಳನ್ನು ಬಿಟ್ಟು ಕಸುಬಿನಿಂದ ಗುರುತಿಸುತ್ತೇನೆ. ಎಲ್ಲರೂ ನನ್ನನ್ನು ಅಣ್ಣಾ ಎನ್ನುವವರಾದ್ದರಿಂದ ಏಕವಚನ. ಮೇಷ್ಟ್ರೊಬ್ಬರನ್ನು ಮಾತ್ರ ಊರಿಗೆ ಊರೇ ಬಹುವಚನದಲ್ಲಿ ಕರೆಯುತ್ತದೆ, ಒಂದನೇ ತರಗತಿಯಿಂದ ಜೊತೆಗೆ ಓದಿದ ಗೆಳೆಯರೂ ಸೇರಿ. ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಈ ಬಹುವಚನಕ್ಕೂ ಪ್ರಕರಣಕ್ಕೂ ಸ್ವಲ್ಪ ಸಂಬಂಧವಿದೆ.

ತಂಡ ಮತ್ತು ಅದರ ಆಸೆ

ಎಂಜಿನಿಯರ್ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಿಮಾಲಯದಲ್ಲಿ ಹಲವು ಚಾರಣ ಮಾಡಿದವನು, ಗುಲ್ಮಾರ್ಗದಲ್ಲಿ ಸ್ಕೀ ತರಬೇತಿ ಮುಗಿಸಿ ಬಂದವನು. ತಂಡದ ಮಾರ್ಚ್ ತಿಂಗಳ ಕನಸು ಅವನದೇ: ಮನಾಲಿಯ ಆಚೆ, ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲದ ಇಳಿಜಾರುಗಳಲ್ಲಿ ಸ್ಕೀ ಚಾರಣ. ಸ್ಕೀ ಎಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು ಎಂದಷ್ಟೇ ತಿಳಿದವರಿಗೆ ಇದು ಹೊಸದು. ಇಲ್ಲಿ ಹತ್ತುವುದೂ ಸ್ಕೀ ಮೇಲೆಯೇ. ಹಲಗೆಯ ಅಡಿಗೆ ಒಂದು ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ, ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿಕೊಳ್ಳುತ್ತದೆ. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು, ಈಗ ನೈಲಾನ್ ಅಥವಾ ಮೊಹೇರ್ ಎಂಬ ಆಡಿನ ಉಣ್ಣೆ. ನಾಲ್ಕೈದು ಗಂಟೆ ಹತ್ತಿ, ತುದಿಯಲ್ಲಿ ಪಟ್ಟಿ ಕಿತ್ತು ಮಡಚಿ, ಕೆಲವೇ ನಿಮಿಷಗಳಲ್ಲಿ ಜಾರಿ ಇಳಿಯುವ ವ್ಯವಹಾರ. ಹತ್ತುವ ದಮ್ಮು ಇಲ್ಲದವರಿಗೆ ಅಲ್ಲಿ ಕೆಲಸವಿಲ್ಲ. ಆ ದಮ್ಮು ಕಟ್ಟುವುದಕ್ಕೆಂದೇ ಸೆಪ್ಟೆಂಬರ್ ಕೊನೆಯ ಒಂದು ಶನಿವಾರ ಈ ನಡಿಗೆ ಇಟ್ಟುಕೊಂಡಿದ್ದರು.

ಉಳಿದ ಮೂವರಲ್ಲಿ ಒಬ್ಬನದು ಆಲ್ದೂರು ಕಡೆ ಕಾಫಿ ತೋಟ. ಬಾಲ್ಯದಿಂದ ಮಳೆಯಲ್ಲೇ ಬೆಳೆದವನು, ಹಿಮ ನೋಡಿದವನಲ್ಲ. ಇನ್ನೊಬ್ಬ ಔಷಧ ಅಂಗಡಿ ಇಟ್ಟಿದ್ದಾನೆ. ಮತ್ತೊಬ್ಬ ಕಟ್ಟಡ ಗುತ್ತಿಗೆದಾರ. ದೊಡ್ಡ ಮೈ, ದೊಡ್ಡ ನಗೆ, ಎಡಗಾಲಿನ ಮಂಡಿಯಲ್ಲಿ ಹಳೆಯ ನೋವು. ಮೇಷ್ಟ್ರು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾರೆ. ಸಣಕಲು ದೇಹ, ದಿನವೂ ಬೆಳಗ್ಗೆ ಮೈದಾನದಲ್ಲಿ ಓಡುತ್ತಾರೆ. ಐವರಲ್ಲಿ ಯಾರ ಬಗ್ಗೆ ಚಿಂತೆ ಎಂದು ಹಿಂದಿನ ರಾತ್ರಿ ಕೇಳಿದ್ದರೆ ನಾಲ್ವರೂ ಗುತ್ತಿಗೆದಾರನ ಕಡೆಗೆ ಬೆರಳು ತೋರುತ್ತಿದ್ದರು. ಮೇಷ್ಟ್ರ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ.

ಬೆನ್ನಚೀಲದ ಬಗ್ಗೆ ಒಂದು ಮಾತು. ಹಿಮಾಲಯದಲ್ಲಿ ಹೊರಬೇಕಾದ ಭಾರ ರೂಢಿಯಾಗಲಿ ಎಂದು ಪ್ರತಿಯೊಬ್ಬನ ಚೀಲವೂ 12 ಕಿಲೋ ತೂಗಬೇಕೆಂದು ಎಂಜಿನಿಯರ್ ನಿಯಮ ಮಾಡಿದ್ದ. ಗುತ್ತಿಗೆದಾರ ತನ್ನ ಕೆಲಸದ ಜಾಗದಿಂದ ಮರಳು ತಂದು ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಬಾಯಿ ಕಟ್ಟಿ, ತಕ್ಕಡಿಯಲ್ಲಿ ತೂಗಿ ಹಂಚಿದ. ಮೇಷ್ಟ್ರ ಚೀಲದಲ್ಲಿ ಮರಳು, ನೀರು, ಒಂದು ತೆಳು ಪ್ಲಾಸ್ಟಿಕ್ ಮಳೆಯಂಗಿ, ಎರಡು ಬಾಳೆಹಣ್ಣು ಇದ್ದವು. ಅಷ್ಟು ಭಾರ ಹೊತ್ತವರ ಬೆನ್ನಮೇಲೆ ಒಂದು ಸ್ವೆಟರ್ ಇರಲಿಲ್ಲ. "ಚಿಕ್ಕಮಗಳೂರಿನ ಬೆಟ್ಟಕ್ಕೆ ಸ್ವೆಟರ್ ಯಾಕೆ?" ಎಂದು ನನ್ನನ್ನೇ ಕೇಳಿದರು.

ಆ ದಿನ

ಬೆಂಗಳೂರಿನ ಬಸ್ ತಡವಾಯಿತು. ಏಳಕ್ಕೆ ಮುಳ್ಳಯ್ಯನಗಿರಿ ಹತ್ತುವ ಸರ್ಪದಾರಿಯ ಬುಡದಲ್ಲಿರಬೇಕಾದವರು ಹತ್ತುವುದಕ್ಕೆ ಶುರುಮಾಡಿದಾಗ 9.40. ನಡುವೆ ಊರಿನಲ್ಲಿ ಇಡ್ಲಿ ವಡೆ ಆಯಿತು. ಮೇಷ್ಟ್ರಿಗೆ ಶನಿವಾರ ಒಪ್ಪೊತ್ತು. ಕಾಫಿ ಮಾತ್ರ ಕುಡಿದರು. ಇದು ನಾಲ್ವರಿಗೂ ಗೊತ್ತಿತ್ತು. ಮೇಷ್ಟ್ರ ವ್ರತದ ವಿಷಯದಲ್ಲಿ "ಇವತ್ತೊಂದು ದಿನ ತಿನ್ನಿ" ಎನ್ನುವ ಸಲುಗೆ ಯಾರಿಗೂ ಇರಲಿಲ್ಲ ಅಥವಾ ಹೇಳಬೇಕೆಂದೇ ಹೊಳೆಯಲಿಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ತೋಟದವನು ಮೊದಲೇ ಪಡೆದಿದ್ದ.

ನಡೆಯುವ ಲೆಕ್ಕವನ್ನು ಅವರು ಹಾಕಿದ್ದರೋ ಇಲ್ಲವೋ, ನಾನು ಹಾಕಿ ನೋಡಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಹೇಳಿದ ಒಂದು ಸೂತ್ರ ಇಂದಿಗೂ ಬಳಕೆಯಲ್ಲಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿ 15 ಕಿಲೋಮೀಟರ್ ಆಸುಪಾಸು, ಏರಿಳಿತದಲ್ಲಿ ಒಟ್ಟು ಏರು ಸಾವಿರ ಮೀಟರ್ ಇದ್ದೀತು ಎಂಬುದು ತೋಟದವನ ಅಂದಾಜು. ಹಾಗಾದರೆ ನಾಲ್ಕೂಮುಕ್ಕಾಲು ಗಂಟೆ. ಇದು ಒಳ್ಳೆಯ ಹವೆಯಲ್ಲಿ, ನಿಲ್ಲದೆ, ಹಗುರ ಚೀಲದ ಗಟ್ಟಿ ಆಸಾಮಿ ನಡೆಯುವ ಲೆಕ್ಕ. 12 ಕಿಲೋ ಹೊತ್ತು, ಮಂಜಿನಲ್ಲಿ, ಮಂಡಿ ನೋವಿನವನನ್ನು ಕಾಯುತ್ತ ನಡೆದರೆ ಏಳು ಗಂಟೆಗೆ ಕಡಿಮೆಯಾಗದು. 9.40ಕ್ಕೆ ಹೊರಟವರಿಗೆ ಕತ್ತಲಾಗುವ ಮುನ್ನ ಉಳಿಯುವುದು ಹೆಚ್ಚೆಂದರೆ ಒಂದೂವರೆ ಗಂಟೆಯ ಸಡಿಲ, ಅಷ್ಟೇ.

11.50ಕ್ಕೆ ಮುಳ್ಳಪ್ಪಸ್ವಾಮಿಯ ಗುಡಿಯ ಮುಂದಿದ್ದರು. 1,930 ಮೀಟರ್, ರಾಜ್ಯದ ಅತಿ ಎತ್ತರದ ನೆತ್ತಿ. ಆ ಫೋಟೊ ನೋಡಿದ್ದೇನೆ: ಹಿಂದೆ ಬರೀ ಬಿಳಿ, ಐವರ ಅಂಗಿಯೂ ಗಾಳಿಗೆ ಒಂದೇ ಕಡೆ ಬಾಗಿದೆ. ಮೇಷ್ಟ್ರ ಹತ್ತಿಯ ಟಿ-ಷರ್ಟು ಬೆವರಿನಿಂದ ಎದೆಗೆ ಅಂಟಿದೆ, ಕೆಳಗೆ ಜೀನ್ಸ್. ನಗುತ್ತಿದ್ದಾರೆ. ಎಂಜಿನಿಯರ್‌ನ ಕೈಗಡಿಯಾರ 15 ಡಿಗ್ರಿ ತೋರಿಸುತ್ತಿತ್ತಂತೆ. ಬೆಟ್ಟದಲ್ಲಿ ಪ್ರತಿ ಸಾವಿರ ಮೀಟರ್ ಏರಿಗೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ಊರಿಗಿಂತ ಅಲ್ಲಿ ಐದಾರು ಡಿಗ್ರಿ ಕಡಿಮೆ. 15 ಡಿಗ್ರಿ ಎಂದರೆ ನಮಗೆ ಭಯವಾಗುವ ಸಂಖ್ಯೆಯೇ ಅಲ್ಲ. ಡಿಸೆಂಬರಿನ ಬೆಳಗ್ಗೆ ಹಾಲಿಗೆ ಹೋಗುವಾಗ ಇರುವ ಚಳಿ. ಒಣಗಿದ ಬಟ್ಟೆಯಲ್ಲಿ, ಗಾಳಿ ಇಲ್ಲದ ಕಡೆ ಅದು ಸತ್ಯವೂ ಹೌದು.

ತೋಟದವನು ಪಡುವಣದ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದ. ಮೋಡದ ಅಡಿ ಕಪ್ಪಾಗಿ ಜಾಗರ ಕಣಿವೆಯಿಂದ ಮೇಲೇರುತ್ತಿತ್ತು. ಇನ್ನೊಂದು ಗಂಟೆಯಲ್ಲಿ ಗಾಳಿ ಮಳೆ ಎರಡೂ ಹಿಡಿಯುತ್ತವೆ, ಸಂಜೆಯವರೆಗೆ ಬಿಡುವುದಿಲ್ಲ ಎಂದು ಅವನಿಗೆ ಖಚಿತವಾಗಿತ್ತು. ನನಗೆ ಹೇಳುವಾಗ ಈ ಖಚಿತತೆ ಅವನ ದನಿಯಲ್ಲಿತ್ತು. ಆದರೆ ಆಗ ಬಾಯಿಂದ ಬಂದದ್ದು, "ಮಳೆ ಬರಬಹುದೇನೋ" ಎಂಬ ಮಾತು. ಎಂಜಿನಿಯರ್ "ಬರಲಿ ಬಿಡೋ, ಇಂಥ ಹವೆಯಲ್ಲೇ ಅಭ್ಯಾಸವಾಗಬೇಕು" ಎಂದ. ಅಲ್ಲಿಗೆ ಮುಗಿಯಿತು.

ಯಾಕೆ ಗಟ್ಟಿಯಾಗಿ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ತೋಟದವನು ಕೊಟ್ಟ ಉತ್ತರ: "ಅವನು ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದಿದ್ದಾನೆ ಅಣ್ಣಾ. ಹಿಮಾಲಯ ಹತ್ತಿದವನು. ನಾನು ಹೋಗಿ ಈ ಗಿರಿಯಲ್ಲಿ ಮಳೆ ಬರುತ್ತದೆ, ಬೇಡ ಎಂದರೆ ಹೇಗಿರುತ್ತದೆ?"

ಏಣಿನ ಬಗ್ಗೆ ಗೊತ್ತಿಲ್ಲದವರಿಗೆ: ಈ ಬೆಟ್ಟಸಾಲು ಕುದುರೆಲಾಳದ ಆಕಾರದಲ್ಲಿ ಬಾಗಿದೆ, ಚಂದ್ರದ್ರೋಣ ಎಂಬ ಹೆಸರು ಅದಕ್ಕೊಪ್ಪುತ್ತದೆ. ಒಳಗಡೆ ಜಾಗರ ಕಣಿವೆ. ಮೇಲೆಲ್ಲ ಹುಲ್ಲು, ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಶೋಲಾ ಎಂಬ ದಟ್ಟ ಕಾಡು. ಹುಲ್ಲಿನ ಮೇಲೆ ಗಾಳಿಗೆ ಅಡ್ಡ ಯಾವುದೂ ಇಲ್ಲ. ವಿಚಿತ್ರವೆಂದರೆ ದಾರಿಯ ಹೆಚ್ಚಿನ ಭಾಗದಲ್ಲಿ ವಾಹನ ಓಡುವ ರಸ್ತೆ ಕೆಳಗೆ ಎಲ್ಲೋ ಇದ್ದೇ ಇರುತ್ತದೆ. ಮಂಜಿಲ್ಲದ ದಿನ ಪ್ರವಾಸಿಗರ ಕಾರುಗಳು ಕಾಣುತ್ತವೆ, ಹಾರ್ನ್ ಕೇಳಿಸುತ್ತದೆ. ಇಷ್ಟು ಹತ್ತಿರದ ರಸ್ತೆ ಧೈರ್ಯ ಕೊಡುತ್ತದೆ. ಮಂಜಿನಲ್ಲಿ ಯಾವ ಮಡಿಕೆ ರಸ್ತೆಗೆ ಇಳಿಯುತ್ತದೆ, ಯಾವುದು ಬಂಡೆಯ ಅಂಚಿಗೆ ಒಯ್ಯುತ್ತದೆ ಎಂದು ಹೇಳಬಲ್ಲವನು ಐವರಲ್ಲಿ ಒಬ್ಬನೇ ಇದ್ದ.

ಸೀತಾಳಯ್ಯನಗಿರಿಯ ಬಳಿ ಏಣು ರಸ್ತೆಗೆ ತೀರ ಹತ್ತಿರ ಬರುತ್ತದೆ. ಅಲ್ಲಿಗೆ ಬರುವಾಗ ಸೋನೆ ಹಿಡಿದಿತ್ತು, ಗುತ್ತಿಗೆದಾರನ ಮಂಡಿಯೂ ಹಿಡಿದಿತ್ತು. ಅವನಿಗೆ ಅಲ್ಲೇ ನಿಲ್ಲಿಸುವ ಮನಸ್ಸಿತ್ತು. ಒಂದು ಫೋನ್ ಮಾಡಿದ್ದರೆ ಜೀಪು ಬರುತ್ತಿತ್ತು. "ನನ್ನೊಬ್ಬನಿಂದ ಎಲ್ಲರ ದಿನ ಹಾಳಾಯಿತು ಅನ್ನಿಸಿಕೊಳ್ಳಬಾರದಲ್ಲ" ಎಂದು ನಕ್ಕು ನಡೆದ. ಔಷಧ ಅಂಗಡಿಯವನು ಒಂದು ನೋವಿನ ಗುಳಿಗೆ ಕೊಟ್ಟ. ಗುಳಿಗೆ ನುಂಗಿದ ಮೇಲೆ ಮುಂದೆ ಹೋಗುವುದು ತೀರ್ಮಾನವಾದಂತೆಯೇ ಆಯಿತು, ಯಾರೂ ತೀರ್ಮಾನಿಸಲಿಲ್ಲ.

ಆಮೇಲಿನ ಒಂದೂವರೆ ಗಂಟೆ ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು. ಗುತ್ತಿಗೆದಾರ ನಿಧಾನ, ಮೇಷ್ಟ್ರು ವೇಗ. ಮೇಷ್ಟ್ರು ಪ್ರತಿ ಗುಡ್ಡದ ನೆತ್ತಿಗೂ ಮೊದಲು ತಲುಪಿ, ಬೆವರಿ, ಚೀಲ ಕೆಳಗಿಟ್ಟು ನಿಂತು ಕಾಯುತ್ತಿದ್ದರು. ಹಿಂದಿನವರು ಬಂದು, ದಮ್ಮು ಎಳೆದುಕೊಂಡು, ನಾಲ್ಕು ಮಾತಾಡಿ ಹೊರಡುವವರೆಗೆ ಹತ್ತು ನಿಮಿಷ. ನೆತ್ತಿ ಎಂದರೆ ಗಾಳಿ ಹೆಚ್ಚು ಬೀಸುವ ಜಾಗ. ಮತ್ತೆ ವೇಗವಾಗಿ ನಡೆದು, ಬೆವರಿ, ಮುಂದಿನ ನೆತ್ತಿಯಲ್ಲಿ ಮತ್ತೆ ಹತ್ತು ನಿಮಿಷ. ಮಳೆಯಂಗಿಯ ಒಳಗೆ ಬೆವರು, ಕುತ್ತಿಗೆಯಿಂದ ಇಳಿಯುವ ಮಳೆನೀರು, ಎರಡನ್ನೂ ಹತ್ತಿ ಬಟ್ಟೆ ಹೀರಿ ಮೈಗೆ ಹಿಡಿದುಕೊಂಡಿತ್ತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಅದರ ಮೇಲೆ ಗಾಳಿ ಬೀಸಿದರೆ ಆವಿಯಾಗುವ ಪ್ರತಿ ಹನಿಯೂ ಇನ್ನಷ್ಟು ಬಿಸಿಯನ್ನು ಕಿತ್ತುಕೊಂಡು ಹೋಗುತ್ತದೆ. ಎಲ್ಲರೂ ಕಾಳಜಿ ಮಾಡುತ್ತಿದ್ದ ಗುತ್ತಿಗೆದಾರನ ಮೈ ಎಡೆಬಿಡದ ಶ್ರಮದಿಂದ ಬೆಚ್ಚಗೇ ಇತ್ತು, ಚರ್ಮದ ಕೆಳಗೆ ಕೊಬ್ಬಿನ ಹೊದಿಕೆಯೂ ಇತ್ತು. ಅವನಿಗಾಗಿ ಕಾಯುತ್ತಿದ್ದ ಸಣಕಲು, ಖಾಲಿ ಹೊಟ್ಟೆಯ, ಗಟ್ಟಿಮುಟ್ಟಾದ ಮನುಷ್ಯ ತಣ್ಣಗಾಗುತ್ತಿದ್ದ.

ಮೊದಲ ಲಕ್ಷಣ ಮಾತು. ಏಣಿನುದ್ದಕ್ಕೂ ಟಿಪ್ಪು, ಹೈದರಾಲಿ, ಕಾಫಿಬೀಜ ತಂದ ಬಾಬಾಬುಡನ್ ಎಂದು ಪಾಠ ಹೇಳುತ್ತಿದ್ದ ಮೇಷ್ಟ್ರು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಸುಮ್ಮನಾದರು. ನಾಲ್ವರಿಗೂ ಅದು ನೆನಪಿದೆ. ನಾಲ್ವರೂ ಸುಸ್ತು ಎಂದುಕೊಂಡರು.

1.45ರ ಸುಮಾರಿಗೆ ಮೇಷ್ಟ್ರು ಬೂಟಿನ ಲಾಡಿ ಕಟ್ಟಲು ಕುಳಿತರು. ಹಿಂದಿನಿಂದ ಬಂದ ತೋಟದವನು ಮೊದಲು ನೋಡಿದ್ದು ಇಂಬಳವನ್ನು: ಕಾಲುಚೀಲದ ಮೇಲೆ ಎರಡು, ರಕ್ತ ಕುಡಿದು ಉಬ್ಬಿದ್ದವು. ಇಂಬಳ ಕಂಡರೆ ಹಾರಿಬೀಳುವ ಮೇಷ್ಟ್ರು ಅವನ್ನು ನೋಡುತ್ತಲೇ ಇದ್ದರು, ಕೀಳುತ್ತಿರಲಿಲ್ಲ. ಲಾಡಿಯ ಒಂದು ತುದಿ ಬೆರಳುಗಳ ನಡುವೆ ಸಿಕ್ಕುತ್ತಿತ್ತು, ಜಾರುತ್ತಿತ್ತು, ಮತ್ತೆ ಸಿಕ್ಕುತ್ತಿತ್ತು. ಹೆಬ್ಬೆರಳು ಬಾಗುತ್ತಲೇ ಇರಲಿಲ್ಲ. "ಏನಾಯಿತು ಮೇಷ್ಟ್ರೇ?" ಎಂದಾಗ "ಏನಿಲ್ಲ, ಒಂದು ನಿಮಿಷ" ಎಂದರು, ಆದರೆ 'ನಿಮಿಷ' ಎಂಬ ಮಾತು ನಾಲಿಗೆಯಲ್ಲಿ ಹೊರಳಲಿಲ್ಲ. ಮಳೆ ಬೀಳುತ್ತಿದ್ದರೂ ಮಳೆಯಂಗಿಯ ಗುಂಡಿಗಳನ್ನು ತೆರೆದೇ ಬಿಟ್ಟಿದ್ದರು. ತೋಟದವನು ಕೂತು ಲಾಡಿ ಕಟ್ಟಿದ, ಅವರ ಕೈ ಹಿಡಿದ, ಎದ್ದು ನಿಂತು ಇತರರನ್ನು ಕೂಗಿದ. ಈ ಸಲ ಅವನ ದನಿಯಲ್ಲಿ 'ಬಹುದೇನೋ' ಇರಲಿಲ್ಲ.

ಮಾಡಿದ್ದು ಸರಿಯೇ?

ಬಹುಮಟ್ಟಿಗೆ ಸರಿ, ಹೆಚ್ಚಿನದು ಅದೃಷ್ಟದಿಂದ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. 32ರವರೆಗೆ ಅದು ಸೌಮ್ಯ ಹಂತ: ನಡುಕ, ಎಡವುವುದು, ತೊದಲುವುದು, ಬೆರಳು ಕೆಲಸ ಬಿಡುವುದು, ಏನು ಮಾಡಬೇಕೆಂದು ತೋಚದಿರುವುದು. ಅದಕ್ಕೂ ಕೆಳಗಿಳಿದರೆ ನಡುಕ ನಿಲ್ಲುತ್ತದೆ, ರೋಗಿ ಆರಾಮವಾದಂತೆ ಕಾಣುತ್ತಾನೆ. ಅದು ಅಪಾಯದ ಗುರುತು. ಮೇಷ್ಟ್ರು ಆಗ ಜೋರಾಗಿ ನಡುಗುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಬೆಟ್ಟದ ಮೇಲೆ ಥರ್ಮಾಮೀಟರ್ ಯಾರ ಬಳಿಯೂ ಇರಲಿಲ್ಲ, ಲಕ್ಷಣಗಳ ಮೇಲೆ ಇದನ್ನು ಸೌಮ್ಯ ಹಂತವೆಂದೇ ಎಣಿಸುತ್ತೇನೆ.

ತೋಟದವನು ಅವರನ್ನು ನೆತ್ತಿಯಿಂದ ಗಾಳಿ ಬೀಸದ ಬದಿಯ ಶೋಲಾ ಮಡಿಕೆಗೆ ಇಳಿಸಿದ. ಐವತ್ತು ಹೆಜ್ಜೆ ಇಳಿಯುವಷ್ಟರಲ್ಲಿ ಗಾಳಿಯ ಸದ್ದೇ ಅಡಗಿತಂತೆ. ಅವನ ಚೀಲದಲ್ಲಿ ಕಾಫಿ ಒಣಹಾಕುವ ತಾಡಪಾಲಿನ ತುಂಡೊಂದಿತ್ತು. ಮರಳು ಕಡಿಮೆ ಬಿದ್ದದ್ದಕ್ಕೆ ತೂಕ ಸರಿಮಾಡಲೆಂದು ತುರುಕಿಕೊಂಡಿದ್ದ. ಖಾಲಿ ಮಾಡಿದ ಬೆನ್ನಚೀಲಗಳನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮೇಷ್ಟ್ರನ್ನು ಕೂರಿಸಿ, ಒದ್ದೆ ಅಂಗಿ ಬಿಚ್ಚಿಸಿದರು. ಎಂಜಿನಿಯರ್ ತನ್ನ ಬೆಚ್ಚನೆಯ ಜಾಕೆಟ್ ಬಿಚ್ಚಿ ತೊಡಿಸಿದ. ಗುತ್ತಿಗೆದಾರ ಅಂಗಿ ತೆಗೆದು ಅವರನ್ನು ಹಿಂದಿನಿಂದ ತಬ್ಬಿ ಕುಳಿತ, ಇಬ್ಬರ ಮೇಲೂ ತಾಡಪಾಲು. ಆ ದಿನ ಹೊರೆ ಎಂದು ಎಲ್ಲರೂ ಎಣಿಸಿದ್ದವನ ಮೈಶಾಖವೇ ಅಲ್ಲಿದ್ದ ದೊಡ್ಡ ಒಲೆ.

ನಿಜವಾದ ಒಲೆಯೂ ಒಂದಿತ್ತು. ಹಿಮ ಕರಗಿಸಿ ನೀರು ಮಾಡುವ ಅಭ್ಯಾಸಕ್ಕೆಂದು ಎಂಜಿನಿಯರ್ ತಂದಿದ್ದ ಅಂಗೈ ಅಗಲದ ಗ್ಯಾಸ್ ಒಲೆ. ಔಷಧ ಅಂಗಡಿಯವನು ಅದರಲ್ಲಿ ನೀರು ಕಾಯಿಸಿ, ಬೆಲ್ಲ ಕದಡಿ, ಗುಟುಕು ಗುಟುಕಾಗಿ ಕುಡಿಸಿದ. ನಡುಕ ಎಂಬುದು ದೇಹ ಉರಿಸುವ ಬೆಂಕಿ, ಅದಕ್ಕೆ ಸಕ್ಕರೆ ಬೇಕು. ಒಪ್ಪೊತ್ತಿನ ಹೊಟ್ಟೆಯಲ್ಲಿ ಅದು ಮುಗಿಯುತ್ತ ಬಂದಿತ್ತು. ಗುತ್ತಿಗೆದಾರನ ಚೀಲದಲ್ಲಿ ಬ್ರಾಂದಿಯ ಒಂದು ಕ್ವಾರ್ಟರ್ ಇತ್ತು. "ಎರಡು ಗುಟುಕು ಹಾಕಿದರೆ ಬಿಸಿಯಾಗುತ್ತದೆ" ಎಂದು ತೆಗೆದ. ಔಷಧ ಅಂಗಡಿಯವನು ಕಿತ್ತುಕೊಂಡು ಬದಿಗಿಟ್ಟ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬಿಸಿಯಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹರಿದುಹೋಗುತ್ತದೆ. ಮಲೆನಾಡಿನಲ್ಲಿ ಚಳಿಗೆ ಬ್ರಾಂದಿ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಅವನು ಬೇಡ ಎಂದದ್ದನ್ನು ಆ ದಿನದ ಅತ್ಯಂತ ಧೈರ್ಯದ ಕೆಲಸ ಎಂದೇ ನಾನು ಭಾವಿಸುತ್ತೇನೆ. ಕೈಕಾಲು ಉಜ್ಜುವುದಕ್ಕೂ ಅವನು ಬಿಡಲಿಲ್ಲ, ಅದೂ ಸರಿ.

ಎಂಜಿನಿಯರ್‌ಗೆ ಕೂಡಲೇ ನಡೆಸಿಕೊಂಡು ಇಳಿಯುವ ಆತುರವಿತ್ತು, ನಡೆದರೆ ಮೈ ಬಿಸಿಯಾಗುತ್ತದೆ ಎಂಬ ತರ್ಕ. ತಣ್ಣಗಾದವನನ್ನು ತಟಕ್ಕನೆ ನಡೆಸಿದರೆ ಕೈಕಾಲಿನ ತಂಪು ರಕ್ತ ಒಳಕ್ಕೆ ಹರಿದು ಎದೆಯ ಭಾಗ ಇನ್ನಷ್ಟು ತಣ್ಣಗಾಗಬಹುದು. ಅರ್ಧ ಗಂಟೆಯಾದರೂ ಕೂರಿಸಿ, ಬೆಚ್ಚಗೆ ಮಾಡಿ, ಸಿಹಿ ತಿನ್ನಿಸಿ, ಆಮೇಲೆ ನಡೆಸಬೇಕು. ಇದು ಅವರಿಗೆ ಗೊತ್ತಿರಲಿಲ್ಲ. ಜೀಪಿನವನಿಗೆ ಫೋನ್ ಹತ್ತುವುದಕ್ಕೆ ತೋಟದವನು ಮತ್ತೆ ನೆತ್ತಿಗೆ ಹೋಗಿ ಬರಬೇಕಾಯಿತು, ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟು ಹೊತ್ತು ಮೇಷ್ಟ್ರು ಕೂತಿದ್ದರು. ಅದೃಷ್ಟ ಎಂದದ್ದು ಇದಕ್ಕೆ.

2.50ಕ್ಕೆ ಮೇಷ್ಟ್ರು ತಾವಾಗಿಯೇ "ಮರಳು ಇಲ್ಲೇ ಬಿಟ್ಟು ಹೋಗೋಣವೇ?" ಎಂದು ಕೇಳಿದರು. ಮಾತು ತೊದಲಲಿಲ್ಲ. ಇಬ್ಬರ ನಡುವೆ ನಡೆಸಿಕೊಂಡು ಮಡಿಕೆಯ ಅಂಚಿನಲ್ಲೇ ಇಳಿದರು, ನಾಲ್ಕು ಗಂಟೆಯ ಸುಮಾರಿಗೆ ಕವಿಕಲ್ ಗಂಡಿಯ ಕಡೆಯ ರಸ್ತೆಗೆ ಸೇರಿದರು. ಜೀಪಿನ ಚಾಲಕ ತೋಟದಲ್ಲಿ ಕೆಲಸ ಮಾಡಿದ ಹಿರಿಯರು. ಮೇಷ್ಟ್ರನ್ನು ನೋಡಿ, ಹಿಂದಿನ ಸೀಟಿನಲ್ಲಿ ಮಡಚಿಟ್ಟಿದ್ದ ಕಂಬಳಿ ತೆಗೆದು ಹೊದಿಸಿದರು. "ಗಿರಿಗೆ ಕಂಬಳಿ ಇಲ್ಲದೆ ಹೋಗುತ್ತಾರೇನಪ್ಪಾ" ಎಂದರಂತೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎರಡು ಗಂಟೆ ನೋಡಿಕೊಂಡು ಮನೆಗೆ ಕಳಿಸಿದರು.

ಕಾರಣ

ಮಳೆ, ಗಾಳಿ, ಹತ್ತಿಬಟ್ಟೆ, ಖಾಲಿ ಹೊಟ್ಟೆ ಎಲ್ಲವೂ ಕಾರಣ ನಿಜ. ಅವುಗಳಲ್ಲಿ ಯಾವುದೂ ಹೊಸದಲ್ಲ. ಕಂಬಳಿ ಕೊಪ್ಪೆ, ಗೊರಬು ಹೊದ್ದು ಗದ್ದೆ ನಾಟಿ ಮಾಡಿದ ತಲೆಮಾರಿಗೆ ಒದ್ದೆ ಗಾಳಿ ಏನು ಮಾಡುತ್ತದೆಂದು ಗೊತ್ತಿತ್ತು. ಉಣ್ಣೆ ಒದ್ದೆಯಾದರೂ ಒಳಗೆ ಗಾಳಿಯ ಪದರ ಹಿಡಿದಿಟ್ಟು ಬೆಚ್ಚಗಿರುತ್ತದೆ, ಹತ್ತಿ ಹಾಗಲ್ಲ. ಆ ತಿಳಿವಳಿಕೆಯನ್ನು ಮೈಯಲ್ಲಿಟ್ಟುಕೊಂಡಿದ್ದ ತೋಟದವನು ತಂಡದಲ್ಲೇ ಇದ್ದ. ಅವನ ಮಾತು ಮೇಲೆ ಬರಲಿಲ್ಲ. ನನ್ನ ತೀರ್ಪು ಇಷ್ಟು: ಈ ಬೆಟ್ಟ ಬಲ್ಲವನು, ಬೇರೆ ಬೆಟ್ಟ ಬಲ್ಲವನ ಮುಂದೆ ದಾಕ್ಷಿಣ್ಯಕ್ಕೆ ಬಿದ್ದ. ಎಂಜಿನಿಯರ್ ದರ್ಪ ಮಾಡಿದವನಲ್ಲ. ಯಾರಾದರೂ ಬೇಡ ಎಂದಿದ್ದರೆ ನಿಲ್ಲಿಸುತ್ತಿದ್ದೆ ಎಂದ, ನಾನು ನಂಬುತ್ತೇನೆ. ಯಾರೂ ಬೇಡ ಎನ್ನಲಿಲ್ಲವಾದ್ದರಿಂದ ಎಲ್ಲರಿಗೂ ಬೇಕು ಎಂದು ಅವನು ತಿಳಿದ, ಅವನಿಗೆ ಬೇಕು ಎಂದು ಉಳಿದವರು ತಿಳಿದರು.

ಹಿಮದಲ್ಲಿ ಸ್ಕೀ ಮಾಡುವವರು ಈ ಗುಂಡಿಗೆ ಬಹಳ ಹಿಂದೆಯೇ ಬಿದ್ದು ಎದ್ದಿದ್ದಾರೆ. ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕ ಅಲ್ಲಿನ 700ಕ್ಕೂ ಹೆಚ್ಚು ಹಿಮಕುಸಿತ ಅಪಘಾತಗಳನ್ನು ಜೋಡಿಸಿ ನೋಡಿದ. ಸತ್ತವರಲ್ಲಿ ಎಷ್ಟೋ ಜನರಿಗೆ ಹಿಮಕುಸಿತದ ಬಗ್ಗೆ ತರಬೇತಿ ಇತ್ತು, ಎದುರಿಗೆ ಅಪಾಯದ ಗುರುತುಗಳೂ ಇದ್ದವು. ಜಾಗ ಪರಿಚಿತ, ಹೊರಟದ್ದಾಗಿದೆ, ಜೊತೆಯವರು ಮೆಚ್ಚಬೇಕು, ಅವನಿಗೆ ಎಲ್ಲ ಗೊತ್ತು ಎಂಬ ಅಡ್ಡದಾರಿಗಳಲ್ಲಿ ಅವರ ಯೋಚನೆ ಸಾಗಿತ್ತು ಎಂಬುದು ಅವನ ವಾದ. ಕೊನೆಯದನ್ನು ತಜ್ಞನ ಪ್ರಭಾವಳಿ ಎನ್ನಬಹುದು. ಒಂದು ವಿಷಯದಲ್ಲಿ ಬಲ್ಲವನಿಗೆ ಎಲ್ಲ ವಿಷಯದಲ್ಲೂ ಬೆಳಕು ಹೊರಿಸುವುದು. ಸೀತಾಳಯ್ಯನಗಿರಿಯ ಬಳಿ ಗುಳಿಗೆ ನುಂಗಿದ ಆ ಗಳಿಗೆಯಲ್ಲಿ ಈ ನಾಲ್ಕೂ ಹಾಜರಿದ್ದವು.

ಸ್ಕೀ ಚಾರಣಿಗರ ಎರಡು ರೂಢಿಗಳನ್ನು ಎಂಜಿನಿಯರ್ ಗುಲ್ಮಾರ್ಗದಲ್ಲೇ ಕಲಿತಿದ್ದ. ಮೊದಲನೆಯದು, ಹೊರಡುವಾಗ ತುಸು ಚಳಿಯಾಗುವಂತೆ ಉಡುಪು ಕಳಚಿ ಹತ್ತುವುದು. ನಿಂತ ಕೂಡಲೇ, ಚಳಿ ಹತ್ತುವ ಮೊದಲೇ, ಬೆಚ್ಚನೆಯದನ್ನು ತೊಡುವುದು. ಪಟ್ಟಿ ಕಿತ್ತು ಮಡಚುವ ಆ ಹತ್ತು ನಿಮಿಷದಲ್ಲೇ ಹೆಚ್ಚು ಜನ ತಣ್ಣಗಾಗುತ್ತಾರೆ. ಮೇಷ್ಟ್ರು ಪ್ರತಿ ನೆತ್ತಿಯಲ್ಲಿ ನಿಂತದ್ದು ಸರಿಯಾಗಿ ಇದೇ ಹತ್ತು ನಿಮಿಷ. ಎರಡನೆಯದು, ತಂಡದಲ್ಲಿ ಯಾರೊಬ್ಬನೇ ಬೇಡ ಎಂದರೂ ಕಾರಣ ಕೇಳದೆ ಹಿಂತಿರುಗುವುದು. ಎರಡನ್ನೂ ಅವನು ಹಿಮದ ಪಾಠ ಎಂದು ಗಂಟು ಕಟ್ಟಿ ಇಟ್ಟಿದ್ದ. ಹುಲ್ಲಿನ ಬೆಟ್ಟಕ್ಕೂ ಅದು ಸಲ್ಲುತ್ತದೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

ಇಲ್ಲಿ 2024ರ ಜೂನ್ ನೆನಪಾಗದೆ ಇರದು. ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ ಕರ್ನಾಟಕದ ಚಾರಣಿಗರ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಕರೂ ಸೇರಿ 22 ಜನರಲ್ಲಿ 9 ಮಂದಿ ತೀರಿಕೊಂಡರು. ಎರಡು ಪ್ರಕರಣಗಳನ್ನು ತಕ್ಕಡಿಯಲ್ಲಿಡುವುದು ಸಲ್ಲದು, ಅಲ್ಲಿನ ಎತ್ತರವೇ ಬೇರೆ, ಅಲ್ಲಿ ಇಳಿದು ಸೇರಲು ರಸ್ತೆ ಇರಲಿಲ್ಲ. ಆದರೂ ಕೊಲ್ಲುವ ವಿಧಾನ ಒಂದೇ ಜಾತಿಯದು: ಗಾಳಿ, ತೇವ, ತಡ. 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗದ ಅಫರ್ವಾಟ್‌ನಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸ್ಕೀಗಾರರು ಬಲಿಯಾದರು. ನಮ್ಮ ಐವರಿಗೆ ಆ ಸುದ್ದಿ ಚೆನ್ನಾಗಿ ನೆನಪಿತ್ತು, ಮಾರ್ಚ್ ಯೋಜನೆಯಲ್ಲಿ ಹಿಮದಡಿ ಹೂತವರನ್ನು ಹುಡುಕುವ ಬೀಕನ್, ಕೋಲು, ಸಲಿಕೆ ಮೂರರ ಬಾಡಿಗೆಯನ್ನೂ ಬರೆದಿಟ್ಟಿದ್ದರು. ಸ್ವೆಟರ್ ಆ ಪಟ್ಟಿಯಲ್ಲಿ ಮಾರ್ಚ್‌ಗೆ ಇತ್ತು, ಸೆಪ್ಟೆಂಬರಿಗೆ ಇರಲಿಲ್ಲ.

ಈಗ

ಐವರನ್ನೂ ಒಟ್ಟಿಗೆ ಕೂರಿಸಿ ಇದನ್ನು ಓದಿ ಹೇಳಿದೆ. ಒಪ್ಪಿಗೆಯಾಗಲಿಲ್ಲ. ಎಂಜಿನಿಯರ್‌ನ ವಾದ: ಮುಂದೆ ಹೋದದ್ದು ತಪ್ಪಲ್ಲ, ಮೇಷ್ಟ್ರ ಚೀಲದಲ್ಲಿ ಒಂದು ಉಣ್ಣೆಯ ಅಂಗಿ, ಹೊಟ್ಟೆಯಲ್ಲಿ ನಾಲ್ಕು ಇಡ್ಲಿ ಇದ್ದಿದ್ದರೆ ಎಲ್ಲರೂ ಸಂಜೆಗೆ ಬಾಬಾಬುಡನ್‌ಗಿರಿಯ ದತ್ತಪೀಠದಲ್ಲಿರುತ್ತಿದ್ದೆವು. ಅರ್ಧ ನಿಜ, ಮಳೆಯಲ್ಲಿ ನಡೆಯುವುದೇ ತಪ್ಪಾದರೆ ಮಲೆನಾಡಿನಲ್ಲಿ ಆರು ತಿಂಗಳು ಮನೆಯಲ್ಲಿರಬೇಕಾಗುತ್ತದೆ. ಔಷಧ ಅಂಗಡಿಯವನು ಒಪ್ಪಲಿಲ್ಲ: ಗುಳಿಗೆ ಕೊಟ್ಟು ಮಂಡಿಯ ಬಾಯಿ ಮುಚ್ಚಿಸಿದ್ದು ತಾನೇ, ಆ ನೋವು ತಂಡವನ್ನು ರಸ್ತೆಗೆ ಇಳಿಸುತ್ತಿತ್ತು ಎಂದ. ಗುತ್ತಿಗೆದಾರ, ತನ್ನ ನೋವಿಗೆ ಅಷ್ಟು ಬೆಲೆ ಇದೆ ಎಂದು ಗೊತ್ತಿದ್ದರೆ ಇನ್ನೂ ಜೋರಾಗಿ ಕುಂಟುತ್ತಿದ್ದೆ ಎಂದ. ತೋಟದವನು ಮಾತಾಡಲಿಲ್ಲ.

ಮಾರ್ಚ್ ಯೋಜನೆ ಬದಲಾಗಿದೆ. ಮನಾಲಿಯ ಆಚೆ ಹೋಗುವ ಮೊದಲು ಐವರೂ ಸ್ಕೀ ತರಬೇತಿಗೆ ಸೇರುತ್ತಾರೆ, ಲಿಫ್ಟ್ ಇರುವ ಇಳಿಜಾರಿನಲ್ಲಿ. ಅಭ್ಯಾಸದ ನಡಿಗೆ ಮುಂದುವರಿದಿದೆ, ಭಾನುವಾರಕ್ಕೆ ಬದಲಾಗಿದೆ. ಮರಳಿನ ಜಾಗದಲ್ಲಿ ತಾಡಪಾಲು, ಒಣಬಟ್ಟೆ, ಒಲೆ, ಬೆಲ್ಲ, ಕಂಬಳಿ ಬಂದಿವೆ. ತೂಕ 12 ಕಿಲೋಗೆ ಮುಟ್ಟದಿದ್ದರೆ ಉಳಿದದ್ದಕ್ಕೆ ನೀರು. ಎಲ್ಲರಿಗಿಂತ ನಿಧಾನದವನು ಮುಂದೆ ನಡೆಯುತ್ತಾನೆ, ಹಾಗಾಗಿ ನೆತ್ತಿಯ ಮೇಲೆ ಕಾಯುವುದು ತಪ್ಪಿದೆ. ಹೋಗುವುದೋ ಬಿಡುವುದೋ ಎಂಬ ಮಾತು ಬಂದಾಗ ಎಂಜಿನಿಯರ್ ಕೊನೆಯಲ್ಲಿ ಮಾತನಾಡಬೇಕು, ಮೊದಲು ತೋಟದವನು. ಇದು ಮೇಷ್ಟ್ರು ತಂದ ನಿಯಮ. ಕಳೆದ ಸಲ ತೋಟದವನು ಆಕಾಶ ನೋಡಿ "ಇವತ್ತು ಬೇಡ" ಎಂದನಂತೆ. ಎಲ್ಲರೂ ಬೆಟ್ಟದ ಬುಡದ ಕೈಮರದಲ್ಲಿ ಕಾಫಿ ಕುಡಿದು ಮನೆಗೆ ಬಂದರು. ಆ ದಿನ ಮಳೆ ಬರಲೇ ಇಲ್ಲ, ಅದಕ್ಕಾಗಿ ಅವನನ್ನು ಈಗಲೂ ರೇಗಿಸುತ್ತಿದ್ದಾರೆ.